ಹಣ್ಣು ಎಣಿಸಬೇಡಿ, ತೂಗಿ: ಪೀನಟ್ ಬಟರ್ ಬನಾನಾ ಬ್ರೆಡ್ ಮಧ್ಯೆ ಹಳ್ಳ ಬೀಳುವುದು ಯಾಕೆ?

ಪ್ರಶ್ನೆ: ಮೇಡಂ, ನಮ್ಮದು ಸಾಗರ. ಪೀನಟ್ ಬಟರ್ ಹಾಕಿದ ಬನಾನಾ ಬ್ರೆಡ್ ಇದುವರೆಗೆ 4 ಸಲ ಮಾಡಿದೆ, ನಾಲ್ಕೂ ಸಲ ಕೆಟ್ಟಿತು. ಓವನ್ ಒಳಗೆ ಚೆನ್ನಾಗಿ ಉಬ್ಬುತ್ತದೆ. ಹೊರಗೆ ತೆಗೆದ ಹತ್ತೇ ನಿಮಿಷಕ್ಕೆ ಮಧ್ಯೆ ಹಳ್ಳ. ಕತ್ತರಿಸಿದರೆ ತಳದಲ್ಲಿ ಒಂದು ಬೆರಳು ದಪ್ಪ ಹಸಿ ಅಂಟು. ಬಣ್ಣ ಕಪ್ಪು, ತಿಂದ ಮೇಲೆ ಬಾಯಲ್ಲಿ ಸಾಬೂನಿನಂಥ ರುಚಿ. ನಾನು ಹಾಕಿದ್ದು ಇಷ್ಟು: ಮೈದಾ ಬೇಡವೆಂದು 2 ಕಪ್ ಚಪಾತಿ ಹಿಟ್ಟು, ಕಳಿತ ಪಚ್ಚಬಾಳೆ 5, ಮನೆಯಲ್ಲೇ ಮಿಕ್ಸಿಗೆ ಹಾಕಿ ಮಾಡಿದ ಪೀನಟ್ ಬಟರ್ 1 ಕಪ್, ಬೆಲ್ಲದ ಪುಡಿ 1 ಕಪ್, ಮೊಸರು ಅರ್ಧ ಕಪ್, ಅಡುಗೆ ಸೋಡಾ 2 ಟೀ ಚಮಚ. ಮೊಟ್ಟೆ ಇಲ್ಲ. ಪೀನಟ್ ಬಟರ್ ಇದ್ದ ಮೇಲೆ ಬೆಣ್ಣೆ, ಎಣ್ಣೆ ಬೇಡ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು, ಹಾಗಾಗಿ ಹಾಕಿಲ್ಲ. 19 ಲೀಟರಿನ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) 180 ಡಿಗ್ರಿಗೆ 45 ನಿಮಿಷ ಇಟ್ಟೆ. ನಡುವೆ ಬಾಗಿಲು ತೆಗೆದು ನೋಡಿದ್ದೇ ತಪ್ಪು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಕಪ್ಪಾದ ಹಣ್ಣು ಕೊಳೆತ ಹಣ್ಣು, ಅದನ್ನು ಹಾಕಿದ್ದೇ ತಪ್ಪು ಅಂತ ಅತ್ತೆ ಹೇಳುತ್ತಾರೆ, ಅವರು ಕುಂದಾಪುರದ ಕಡೆಯವರು. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬ, ಅವಳ ಕ್ಲಾಸಿಗೆ ಇದನ್ನೇ ಕಳಿಸುವ ಆಸೆ. ಆದರೆ ಕ್ಲಾಸಿನಲ್ಲಿ ಒಂದು ಮಗುವಿಗೆ ಕಡಲೆಕಾಯಿ ಆಗುವುದಿಲ್ಲವಂತೆ. ಬೆಂದ ಮೇಲೆ ಅದು ಹೋಗುತ್ತದೆ ಅಲ್ವಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ರುಚಿಯ ಪ್ರಶ್ನೆಯಲ್ಲ. ಇಲ್ಲ, ಹೋಗುವುದಿಲ್ಲ. ಅಲರ್ಜಿ ತರುವ ಕಡಲೆಕಾಯಿಯ ಪ್ರೋಟೀನ್ ಓವನ್ ಶಾಖಕ್ಕೆ ಜಗ್ಗುವಂಥದ್ದಲ್ಲ. ಹುರಿದ ಕಡಲೆಕಾಯಿಯಲ್ಲಿ ಅದು ಇನ್ನೂ ಜೋರಾಗುವುದೂ ಉಂಟು. ಅಂಥ ಮಗುವಿಗೆ ಒಂದು ಚೂರು ಸಾಕು, ಮೈಯೆಲ್ಲ ದದ್ದು ಏಳಬಹುದು, ಉಸಿರು ಕಟ್ಟಬಹುದು, ಜೀವಕ್ಕೇ ಅಪಾಯವಾಗಬಹುದು. ಕ್ಲಾಸಿಗೆ ಇದನ್ನು ಕಳಿಸಬೇಡಿ. ಬದಲಿಗೆ ಏನು ಮಾಡಬಹುದು ಅಂತ ಕೊನೆಯಲ್ಲಿ ಬರೆಯುತ್ತೇನೆ.

ಈಗ ಹಳ್ಳಕ್ಕೆ ಬರೋಣ. ನಿಮ್ಮ ಕಾಗದ ಓದಿ ನಾನು ಮಾಡಿದ ಮೊದಲ ಕೆಲಸ ಒಂದು ಕೂಡಿಸುವ ಲೆಕ್ಕ. 2 ಕಪ್ ಹಿಟ್ಟು ಅಂದರೆ ಸುಮಾರು 250 ಗ್ರಾಂ. ಪಚ್ಚಬಾಳೆ ಸಿಪ್ಪೆ ತೆಗೆದ ಮೇಲೆ ಒಂದು 120 ಗ್ರಾಂ ಅಂದುಕೊಳ್ಳಿ, ಐದಕ್ಕೆ 600. ಪೀನಟ್ ಬಟರ್ 250, ಮೊಸರು 120, ಬೆಲ್ಲ 150. ಎಲ್ಲ ಸೇರಿ ಹತ್ತಿರ ಹತ್ತಿರ 1 ಕಿಲೋ 370 ಗ್ರಾಂ. ಇಷ್ಟನ್ನೂ ಒಂದೇ ಟಿನ್‌ನಲ್ಲಿ ತುಂಬಿ 45 ನಿಮಿಷಕ್ಕೆ ಬೇಯಬೇಕು ಅಂದರೆ ಹೇಗೆ? ಅದು ನಿಮ್ಮ ಓವನ್ನಿನ ತಪ್ಪೂ ಅಲ್ಲ, ನಿಮ್ಮ ಕೈಗುಣವೂ ಅಲ್ಲ.

ನೀರಿನ ಲೆಕ್ಕ ಇನ್ನೂ ತಮಾಷೆ. ಬಾಳೆಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. 600 ಗ್ರಾಂ ಹಣ್ಣಿನಲ್ಲಿ 450 ಗ್ರಾಂ ನೀರು, ಮೊಸರಿನದು ಇನ್ನೊಂದು 100. ಹಿಟ್ಟು 250, ನೀರು 550. ಚಪಾತಿ ಹಿಟ್ಟಿಗೆ ಇಷ್ಟು ನೀರು ಸುಮ್ನೆ ಸುರಿದು ನೋಡಿ, ಸೌಟಿನಲ್ಲಿ ಹರಿಯುವ ದೋಸೆ ಹಿಟ್ಟಾಗುತ್ತದೆ. ಬಾಳೆಹಣ್ಣಿನ ತಿರುಳು, ಪೀನಟ್ ಬಟರ್ ಎರಡೂ ಮಂದವಾಗಿರುವುದರಿಂದ ಕಲಸಿದ್ದು ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ. ಮೋಸ ಇರುವುದೇ ಅಲ್ಲಿ. ನೀರೆಲ್ಲ ಒಳಗೇ ಅಡಗಿ ಕೂತಿರುತ್ತದೆ.

ಹಾಗಾದರೆ ಮೊದಲು ಉಬ್ಬುವುದು ಯಾಕೆ? ಸೋಡಾ ಗಾಳಿ ಬಿಡುತ್ತದೆ, ನೀರು ಆವಿಯಾಗುತ್ತದೆ, ಎರಡೂ ಸೇರಿ ಹಿಟ್ಟನ್ನು ಮೇಲೆ ಎತ್ತುತ್ತವೆ. ಎತ್ತಿದ್ದು ಹಾಗೇ ನಿಲ್ಲಬೇಕಾದರೆ ಗುಳ್ಳೆಗಳ ಸುತ್ತಲಿನ ಗೋಡೆ ಬೆಂದು ಗಟ್ಟಿಯಾಗಬೇಕು. ಮೊಟ್ಟೆ ಹಾಕಿದ್ದರೆ ಅದು ಸ್ವಲ್ಪ ಆಸರೆ ಕೊಡುತ್ತಿತ್ತು. ನಿಮ್ಮದರಲ್ಲಿ ಮೊಟ್ಟೆ ಇಲ್ಲ, ನೀರು ಜಾಸ್ತಿ, ನಡುಭಾಗ ಬೆಂದೇ ಇಲ್ಲ. ಹೊರಗೆ ತೆಗೆದ ಕೂಡಲೇ ಆವಿ ತಣಿಯುತ್ತದೆ, ಮೇಲಿನ ಭಾರಕ್ಕೆ ಹಸಿ ನಡುಭಾಗ ಕೂತುಬಿಡುತ್ತದೆ. ಮುಂದಿನ ಸಲ ಕುಸಿದರೆ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಮೇಲ್ಭಾಗದಲ್ಲಿ ತೂತುತೂತು, ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಹಲ್ವಾದಂತೆ ಮಿಣಮಿಣ ಹೊಳೆಯುವ ಪದರ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದದ್ದು ಮತ್ತೆ ಮೇಲೇಳುವುದಿಲ್ಲ. ಆ ಗೆರೆ ಕಂಡರೆ ನೀರು ಹೆಚ್ಚಾಗಿದೆ, ಇಲ್ಲವೇ ಸಮಯ ಸಾಲದೆ ಹೋಗಿದೆ ಅಂತ ಅರ್ಥ. ನಿಮ್ಮಲ್ಲಿ ಎರಡೂ.

ಬಾಗಿಲು ತೆಗೆದ ವಿಷಯ. ಪಕ್ಕದ ಮನೆಯವರ ಮಾತಿನಲ್ಲಿ ಕಾಲು ಭಾಗ ಸತ್ಯ ಇದೆ. ಮೊದಲ ಅರ್ಧ ಗಂಟೆ ಸಣ್ಣ ಓಟಿಜಿಯ ಬಾಗಿಲು ತೆಗೆದರೆ ಶಾಖ ದಡಕ್ಕನೆ ಇಳಿಯುತ್ತದೆ, ಹಿಟ್ಟು ಇನ್ನೂ ನಿಂತಿರುವುದಿಲ್ಲ. ಆಗ ತೆಗೆಯದಿರುವುದೇ ಒಳ್ಳೆಯದು. ಆದರೆ ಸರಿಯಾಗಿ ಬೆಂದ ಬ್ರೆಡ್ ಬಾಗಿಲು ತೆಗೆದ ಮಾತ್ರಕ್ಕೆ ಕುಸಿಯುವುದಿಲ್ಲ. ನಾವು ಬೇಕರಿ ತರಬೇತಿಯಲ್ಲಿ 40 ನಿಮಿಷ ಆದ ಮೇಲೆ ಬಾಗಿಲು ತೆಗೆದು, ಟಿನ್ ಹೊರಗೆಳೆದು, ಮೇಲೆ ಫಾಯಿಲ್ ಮುಚ್ಚಿ ಮತ್ತೆ ಒಳಗಿಡುತ್ತೇವೆ. ಏನೂ ಆಗುವುದಿಲ್ಲ.

ಇನ್ನು ಅತ್ತೆಯವರ ಮಾತು. ಕುಂದಾಪುರದವರು ಅಂದಿರಲ್ಲ, ನನಗೆ ನಗು ಬಂತು. ಬಾಳೆಹಣ್ಣು ಕಲಸಿ ಕರಿಯುವ ಬನ್ಸ್ ಮಾಡಲು ಅವರು ಯಾವ ಹಣ್ಣು ಹುಡುಕುತ್ತಾರೆ ಕೇಳಿ ನೋಡಿ. ಬುಟ್ಟಿಯ ತಳದಲ್ಲಿ ಸಿಪ್ಪೆ ಕಪ್ಪಾಗಿ ಮೆತ್ತಗಾದದ್ದನ್ನೇ ಅಲ್ವಾ? ಬಾಳೆ ಕಾಯಿಯಾಗಿದ್ದಾಗ ಅದರಲ್ಲಿ ಹಿಟ್ಟಿನ ಅಂಶ ಜಾಸ್ತಿ. ಹಣ್ಣಾಗುತ್ತಾ ಅದೇ ಸಕ್ಕರೆಯಾಗುತ್ತದೆ. ಪೂರ್ತಿ ಕಳಿತಾಗ ನೂರಕ್ಕೆ ಇಪ್ಪತ್ತರ ಹತ್ತಿರ ಸಕ್ಕರೆ ಇರುತ್ತದೆ, ಪರಿಮಳವೂ ಆಗಲೇ ಜೋರು. ಸಿಪ್ಪೆ ಕಪ್ಪಾಗುವುದು ಕೊಳೆತ ಲಕ್ಷಣವಲ್ಲ. ಆದರೆ ಅತ್ತೆಯವರ ಎಚ್ಚರಿಕೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಸಿಪ್ಪೆ ಬಿಡಿಸಿ ಒಳಗೆ ನೋಡಿ. ತಿರುಳು ಕೆನೆ ಬಣ್ಣ ಅಥವಾ ತಿಳಿ ಕಂದು, ವಾಸನೆ ಸಿಹಿ ಆಗಿದ್ದರೆ ಹಾಕಿ. ತೊಟ್ಟಿನ ಬಳಿ ಬೂಷ್ಟು, ತಿರುಳಿನಿಂದ ನೀರು ಸೋರುವುದು, ಹೆಂಡದಂಥ ಘಾಟು, ಇವುಗಳಲ್ಲಿ ಯಾವುದು ಕಂಡರೂ ಗೊಬ್ಬರದ ಗುಂಡಿಗೆ ಹಾಕಿ.

ಇಲ್ಲಿ ಇನ್ನೊಂದು ಮೋಸ ಇದೆ, ತುಂಬ ಜನ ಬೀಳುತ್ತಾರೆ. ಕಾಯಿ ಬಾಳೆಯನ್ನು ಫ್ರಿಜ್‌ನಲ್ಲಿಟ್ಟರೆ ಚಳಿಗೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಮಾತ್ರ ಕಾಯಿ ಹಾಗೇ ಇರುತ್ತದೆ. ಕಪ್ಪು ನೋಡಿ ಕಳಿತಿದೆ ಅಂದುಕೊಂಡು ಹಾಕಿದರೆ ಬ್ರೆಡ್ ಸಪ್ಪೆ, ಒಗರು. ಹಣ್ಣನ್ನು ಹೊರಗೇ ಕಳಿಯಲು ಬಿಡಿ. ಕಳಿತ ಮೇಲೆ ಬಳಸಲು ಪುರುಸೊತ್ತಿಲ್ಲ ಅಂದರೆ ಸಿಪ್ಪೆ ತೆಗೆದು ಫ್ರೀಜರಿಗೆ ಹಾಕಿ. ಕರಗಿದಾಗ ಬಿಡುವ ನೀರನ್ನೂ ತಿರುಳಿನ ಜೊತೆಗೇ ತೂಗಿ ಹಾಕಬೇಕು, ರುಚಿ ಅದರಲ್ಲೂ ಇರುತ್ತದೆ.

ತೂಗಿ ಅಂದೆ. ಇಡೀ ಉತ್ತರದಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೇ. ಬನಾನಾ ಬ್ರೆಡ್ ಅಮೆರಿಕದ ತಿನಿಸು. 1930ರ ದಶಕದಲ್ಲಿ ಅಲ್ಲಿನ ಅಡುಗೆ ಪುಸ್ತಕಗಳಲ್ಲಿ ಅದು ಬಳಕೆಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಊರುಗಳ ಅಡುಗೆಮನೆಗೂ ನುಗ್ಗಿತು. ಅಲ್ಲಿಯವರು ‘3 ಬಾಳೆಹಣ್ಣು’ ಅಂತ ಬರೆದರೆ ನಡೆಯುತ್ತದೆ. ಅವರ ಅಂಗಡಿಯಲ್ಲಿ ಸಿಗುವುದು ಹೆಚ್ಚೂಕಡಿಮೆ ಒಂದೇ ತಳಿ, ಕ್ಯಾವೆಂಡಿಶ್. ನಮ್ಮ ಪಚ್ಚಬಾಳೆ ಆ ಗುಂಪಿನದೇ. ಆದರೆ ನಮ್ಮಲ್ಲಿ ಏಲಕ್ಕಿ ಬಾಳೆ ಇದೆ, ನಂಜನಗೂಡಿನ ರಸಬಾಳೆ ಇದೆ, ಕಮಲಾಪುರದ ಕೆಂಪು ಬಾಳೆ ಇದೆ. ಒಂದು ಏಲಕ್ಕಿ ಬಾಳೆ ಸಿಪ್ಪೆ ತೆಗೆದರೆ 40 ಗ್ರಾಂ ಬಂದರೆ ಹೆಚ್ಚು. ನಮ್ಮ ಮಾರುಕಟ್ಟೆಯಲ್ಲಿ ‘3 ಹಣ್ಣು’ ಅಂದರೆ ಅದಕ್ಕೆ ಅರ್ಥವೇ ಇಲ್ಲ.

ನಾನೂ ಇದಕ್ಕೆ ಬೆಲೆ ತೆತ್ತಿದ್ದೇನೆ. ಬೇಕರಿ ಕೆಲಸಕ್ಕೆ ಇಳಿದ ಹೊಸತು. 20 ಟಿನ್ ಆರ್ಡರ್ ಬಂತು. ಆವತ್ತು ಪಚ್ಚಬಾಳೆ ಸಿಗಲಿಲ್ಲ. ಒಂದಕ್ಕೆ ಎರಡು ಏಲಕ್ಕಿ ಹಾಕಿದರಾಯಿತು ಅಂತ ಲೆಕ್ಕ ಹಾಕಿದೆ. ನಿಮ್ಮದು ಅಂಟಾಯಿತು, ನನ್ನದು ಉಲ್ಟಾ, ಚಾಕು ಇಟ್ಟರೆ ಪುಡಿಪುಡಿ ಉದುರಿತು. ಗಿರಾಕಿಗೆ ದುಡ್ಡು ವಾಪಸು ಕೊಟ್ಟು, ಬ್ರೆಡ್ಡನ್ನು ರಸ್ಕ್ ಮಾಡಿ ಮನೆಯಲ್ಲಿ ಹದಿನೈದು ದಿನ ತಿಂದೆವು. ಆಮೇಲೆ ನಾನು ಹಣ್ಣು ಎಣಿಸುವುದನ್ನೇ ಬಿಟ್ಟೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಗೆ ತುಂಬ ಹಣವೇನೂ ಬೇಕಿಲ್ಲ. ಅದು ಬರುವವರೆಗೆ ಅಂಗಡಿಯವರ ಹತ್ತಿರ ಒಂದು ಸಲ ತೂಗಿಸಿ ಅಂದಾಜು ಹಿಡಿದುಕೊಳ್ಳಿ.

ಈಗ ಪೀನಟ್ ಬಟರ್. ಬಟರ್ ಅನ್ನುವ ಹೆಸರೇ ದಾರಿ ತಪ್ಪಿಸುವುದು. ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕೊಬ್ಬು, ಎಣ್ಣೆಯಲ್ಲಿ ನೂರಕ್ಕೆ ನೂರು. ಕಡಲೆಕಾಯಿಯಲ್ಲಿ ಅರ್ಧ ಮಾತ್ರ ಎಣ್ಣೆ. ಕಾಲು ಭಾಗ ಪ್ರೋಟೀನ್, ಉಳಿದದ್ದು ಪಿಷ್ಟ, ನಾರು. ಬೆಣ್ಣೆಯ ಬದಲು ಅಷ್ಟೇ ಪೀನಟ್ ಬಟರ್ ಹಾಕಿದರೆ ನೀವು ಅರ್ಧ ಎಣ್ಣೆ, ಅರ್ಧ ಕಡಲೆಕಾಯಿ ಪುಡಿ ಹಾಕಿದಂತೆ. ಆ ಪುಡಿ ನೀರು ಹೀರುತ್ತದೆ, ಬ್ರೆಡ್ಡನ್ನು ಕೆಳಗೆ ಜಗ್ಗುತ್ತದೆ. 250 ಗ್ರಾಂ ಹಿಟ್ಟಿಗೆ 250 ಗ್ರಾಂ ಪೀನಟ್ ಬಟರ್ ಅಂದರೆ ಅದು ಬ್ರೆಡ್ ಅಲ್ಲ, ಹೆಚ್ಚೂಕಡಿಮೆ ಶೇಂಗಾ ಹೋಳಿಗೆಯ ಹೂರಣ. ಹೂರಣದ ನೆನಪು ಸುಮ್ನೆ ಬಂದದ್ದಲ್ಲ. ಹುರಿದ ಶೇಂಗಾಕ್ಕೆ ಬೆಲ್ಲ ಹೊಂದುತ್ತದೆ ಅನ್ನುವುದು ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ನೀವು ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದು ಒಳ್ಳೆಯ ಆಯ್ಕೆ, ಅದನ್ನು ಬದಲಿಸಬೇಡಿ.

250 ಗ್ರಾಂ ಹಿಟ್ಟಿಗೆ 100 ಗ್ರಾಂ ಪೀನಟ್ ಬಟರ್, ಜೊತೆಗೆ 50 ಗ್ರಾಂ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ ಸಾಕು. ಮನೆಯಲ್ಲಿ ಮಾಡುವಾಗ ಕಡಲೆಕಾಯಿಯನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಿ, ನಿಲ್ಲಿಸಿ ನಿಲ್ಲಿಸಿ ಅರೆಯಿರಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಎಣ್ಣೆ ಬಿಟ್ಟು ಜಾರುತ್ತದೆ. ಆ ಜಾರುವ ಹಂತ ಬರುವವರೆಗೂ ಅರೆಯುವುದನ್ನು ನಿಲ್ಲಿಸಬೇಡಿ. ಮುದ್ದೆಯಲ್ಲೇ ನಿಲ್ಲಿಸಿದರೆ ಬ್ರೆಡ್ಡಿನಲ್ಲಿ ಗಂಟುಗಂಟಾಗಿ ಉಳಿಯುತ್ತದೆ. ಅದನ್ನು ಎಣ್ಣೆ, ಬೆಲ್ಲದ ಜೊತೆ ಮೊದಲು ಕಲಸಿ, ಆಮೇಲೆ ಕಿವುಚಿದ ಹಣ್ಣು ಸೇರಿಸಿ. ಹಣ್ಣು ಬಿದ್ದ ಕೂಡಲೇ ಎಲ್ಲ ಬಿಗಿದುಕೊಂಡು ಗಟ್ಟಿ ಮುದ್ದೆಯಾಗುತ್ತದೆ. ಹೆದರಬೇಡಿ. ಕಡಲೆಕಾಯಿ ಪೇಸ್ಟಿಗೆ ಸ್ವಲ್ಪ ನೀರು ತಾಗಿದರೆ ಹೀಗೇ. ಇನ್ನಷ್ಟು ಹಣ್ಣು, ಮೊಸರು ಬಿದ್ದಂತೆ ತಾನಾಗಿ ಸಡಿಲವಾಗುತ್ತದೆ. ಈ ಹಂತದಲ್ಲಿ ಗಾಬರಿಯಾಗಿ ಹಾಲು ಸುರಿಯುವವರು ಎಷ್ಟೋ ಜನ.

ಕಡಲೆಕಾಯಿ ಆರಿಸುವಾಗ ಮಾತ್ರ ಜಿಪುಣತನ ಬೇಡ. ಸುಕ್ಕುಗಟ್ಟಿದ, ಬಣ್ಣ ಕೆಟ್ಟ, ಮುಗ್ಗಲು ಹಿಡಿದ ಕಾಳನ್ನು ತೆಗೆದು ಎಸೆಯಿರಿ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಕಾಳಿನ ಮೇಲೆ ಇನ್ನೂ ಒಂದು ಕಣ್ಣಿರಲಿ. ಕನರು ವಾಸನೆ ಬಂದರೂ ಅಷ್ಟೇ, ಬೆಲ್ಲ ಏಲಕ್ಕಿ ಹಾಕಿ ಮುಚ್ಚಿಡುವ ಆಸೆ ಬೇಡ.

ಸಾಬೂನಿನ ರುಚಿ, ಕಪ್ಪು ಬಣ್ಣ, ಎರಡಕ್ಕೂ ಕಾರಣ ನಿಮ್ಮ 2 ಟೀ ಚಮಚ ಸೋಡಾ. ಸೋಡಾ ಕೆಲಸ ಮಾಡಲು ಹುಳಿ ಬೇಕು. ಬಾಳೆಹಣ್ಣಿನಲ್ಲಿ ಸ್ವಲ್ಪ ಹುಳಿ ಇದೆ, ಮೊಸರಿನಲ್ಲಿದೆ. ಅವು ಎಷ್ಟನ್ನು ಖರ್ಚು ಮಾಡುತ್ತವೋ ಅಷ್ಟೇ. ಉಳಿದ ಸೋಡಾ ಓವನ್ ಶಾಖಕ್ಕೆ ಬಟ್ಟೆ ಸೋಡಾದ ಜಾತಿಗೆ ತಿರುಗುತ್ತದೆ. ಎಣ್ಣೆ ಇರುವ ಹಿಟ್ಟಿನಲ್ಲಿ ಅದು ಬಿದ್ದರೆ ಸಾಬೂನಿನ ರುಚಿ ಬಾರದೆ ಇನ್ನೇನು ಬರುತ್ತದೆ? ಬಾಳೆಹಣ್ಣು, ಬೆಲ್ಲ ಬೇಗ ಕಪ್ಪಾಗುವುದೂ ಈ ಕ್ಷಾರದಿಂದಲೇ. 250 ಗ್ರಾಂ ಹಿಟ್ಟಿಗೆ ಅರ್ಧ ಟೀ ಚಮಚ ಸೋಡಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಬೇಕಿಂಗ್ ಪೌಡರಿನಲ್ಲಿ ಹುಳಿ ಸೇರಿಸಿಯೇ ಇರುತ್ತಾರೆ, ಅದಕ್ಕೇ ಅದು ಅಷ್ಟು ರುಚಿ ಕೆಡಿಸುವುದಿಲ್ಲ. ಉಬ್ಬಲಿಲ್ಲ ಅಂತ ಸೋಡಾ ಏರಿಸುತ್ತಾ ಹೋಗುವುದು ನಮ್ಮವರ ಹಳೇ ಚಾಳಿ.

ಚಪಾತಿ ಹಿಟ್ಟಿನ ಬಗ್ಗೆ ನಿಮಗೆ ಇಷ್ಟವಾಗದ ಮಾತೊಂದು ಹೇಳಬೇಕು. ಗಿರಣಿ ಕಲ್ಲಿನಲ್ಲಿ ಬೀಸಿದ ಗೋಧಿ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಜಜ್ಜಿಹೋಗಿರುತ್ತವೆ. ಅವು ಜಾಸ್ತಿ ನೀರು ಕುಡಿಯುತ್ತವೆ. ಚಪಾತಿ ಮೆತ್ತಗಾಗುವುದು ಇದರಿಂದಲೇ, ಬ್ರೆಡ್ ಅಂಟಂಟಾಗುವುದಕ್ಕೂ ಇದೇ ಕೈ ಹಚ್ಚುತ್ತದೆ. ಪೂರ್ತಿ ಗೋಧಿಯಲ್ಲಿ ಮಾಡಲೇ ಬಾರದು ಅಂತಲ್ಲ, ಮಾಡಬಹುದು. ಆದರೆ ಮೊದಲ ಸಲ 150 ಗ್ರಾಂ ಮೈದಾ, 100 ಗ್ರಾಂ ಗೋಧಿ ಹಾಕಿ. ಅದು ಕೈಗೆ ಕೂತ ಮೇಲೆ ಗೋಧಿ ಹೆಚ್ಚಿಸಿ. ಬ್ರೆಡ್ ಸ್ವಲ್ಪ ಗಟ್ಟಿಯಾಗುತ್ತದೆ, ಅದನ್ನು ಒಪ್ಪಿಕೊಂಡು ಮಾಡಿ. ಮೈದಾ ಬಿಟ್ಟು ಕಪ್ ತುಂಬ ಬೆಲ್ಲ ಹಾಕಿದರೆ ಆರೋಗ್ಯದ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು ನಿಮಗೇ ಬಿಡುತ್ತೇನೆ.

ಹಾಗಾಗಿ ಮುಂದಿನ ಸಲಕ್ಕೆ ಹೀಗೆ. ಹಿಟ್ಟು ಮೇಲೆ ಹೇಳಿದಂತೆ 250 ಗ್ರಾಂ. ಸಿಪ್ಪೆ ತೆಗೆದ ಹಣ್ಣು 300 ಗ್ರಾಂ. ಪೀನಟ್ ಬಟರ್ 100, ಎಣ್ಣೆ 50, ಬೆಲ್ಲದ ಪುಡಿ 120, ಹುಳಿ ಮೊಸರು 100 ಗ್ರಾಂ. ಸೋಡಾ, ಬೇಕಿಂಗ್ ಪೌಡರ್ ಹೇಳಿದಷ್ಟು, ಅರ್ಧ ಟೀ ಚಮಚ ಉಪ್ಪು. ಉಪ್ಪು ಮರೆಯಬೇಡಿ, ಕಡಲೆಕಾಯಿ ರುಚಿ ಏಳುವುದೇ ಅದರಿಂದ. ಒಣ ಸಾಮಾನು ಜರಡಿ ಹಿಡಿದು ಹಸಿ ಮಿಶ್ರಣಕ್ಕೆ ಹಾಕಿ, ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ಚಪಾತಿಗೆ ನಾದಿದಂತೆ ತಿರುವಿದರೆ ರಬ್ಬರಾಗುತ್ತದೆ. ಒಟ್ಟು 900 ಗ್ರಾಂ ಚಿಲ್ಲರೆ ಆಗುತ್ತದೆ. ಎಂಟೂವರೆ ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಟಿನ್‌ಗೆ ಬಟರ್ ಪೇಪರ್ ಹಾಕಿ ಸುರಿಯಿರಿ. ಮೂರರಲ್ಲಿ ಎರಡು ಭಾಗ ತುಂಬಬೇಕು, ಅದಕ್ಕಿಂತ ಮೇಲೆ ಬೇಡ. ಉಳಿದರೆ ಇಡ್ಲಿ ತಟ್ಟೆಯಲ್ಲಿ ಹಬೆಗಿಡಿ, ಮಕ್ಕಳು ಅದನ್ನೇ ಮೊದಲು ಖಾಲಿ ಮಾಡುತ್ತಾರೆ.

ಓವನ್ 15 ನಿಮಿಷ ಮೊದಲೇ ಕಾಯಲಿ. 170 ಡಿಗ್ರಿ, 60ರಿಂದ 70 ನಿಮಿಷ. ಸಣ್ಣ ಓಟಿಜಿಗಳಲ್ಲಿ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಶಾಖಕ್ಕೂ 20 ಡಿಗ್ರಿ ಆಚೀಚೆ ಇರುವುದು ಮಾಮೂಲು. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಸಿಕ್ಕರೆ ಕೊಳ್ಳಿ. ಟಿನ್ ಕೆಳಗಿನ ಕಂಬಿಗೆ ತೀರಾ ಹತ್ತಿರ ಬೇಡ, ತಳ ಸೀಯುತ್ತದೆ. ಮೇಲೆ ಬೇಗ ಕೆಂಪಾದರೆ 40 ನಿಮಿಷದ ನಂತರ ಫಾಯಿಲ್ ಮುಚ್ಚಿ. ನಟ್ಟನಡುವೆ ಕಡ್ಡಿ ಚುಚ್ಚಿ ತೆಗೆಯಿರಿ. ಒಂದೆರಡು ತೇವದ ಚೂರು ಅಂಟಿದರೆ ಸರಿ, ಹಸಿ ಹಿಟ್ಟು ಬಂದರೆ ಇನ್ನೂ ಹತ್ತು ನಿಮಿಷ. ಬಾಳೆಯ ಗಂಟಿಗೆ ಚುಚ್ಚಿದರೆ ಕಡ್ಡಿ ಸುಳ್ಳು ಹೇಳುತ್ತದೆ, ಎರಡು ಕಡೆ ನೋಡಿ. ಅಡುಗೆ ಥರ್ಮಾಮೀಟರ್ ಇದ್ದರೆ ನಡುವೆ 95 ಡಿಗ್ರಿ ಮುಟ್ಟಬೇಕು. 10 ನಿಮಿಷ ಟಿನ್‌ನಲ್ಲೇ ಬಿಟ್ಟು, ಆಮೇಲೆ ಜಾಲರಿ ಮೇಲೆ ತೆಗೆದು, ಒಂದೂವರೆ ಗಂಟೆ ಚಾಕು ಮುಟ್ಟಬೇಡಿ. ಬಿಸಿಯಲ್ಲಿ ಕತ್ತರಿಸಿದರೆ ಬೆಂದದ್ದೂ ಹಸಿಯಂತೆ ಕಾಣುತ್ತದೆ.

ಮಳೆಗಾಲದಲ್ಲಿ ಹೊರಗೆ ಒಂದು ದಿನ, ಬೇರೆ ಕಾಲದಲ್ಲಿ ಎರಡು ದಿನ. ಉಳಿದದ್ದನ್ನು ತುಂಡು ಮಾಡಿ ಫ್ರಿಜ್‌ಗಿಡಿ, ತಿನ್ನುವಾಗ ತವಾದಲ್ಲಿ ಬೆಚ್ಚಗೆ ಮಾಡಿ. ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಆ ಮೂಲೆ ಮಾತ್ರ ಕತ್ತರಿಸಿ ಉಳಿದದ್ದು ತಿನ್ನಬೇಡಿ. ಅದರ ಬೇರು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತದೆ.

ಇನ್ನು ಹುಟ್ಟುಹಬ್ಬ. ಎರಡು ದಾರಿ ಇದೆ. ಒಂದು, ಕ್ಲಾಸಿಗೆ ಕಡಲೆಕಾಯಿ ಇಲ್ಲದ ಬರೀ ಬನಾನಾ ಬ್ರೆಡ್. ಮೇಲಿನ ಅಳತೆಯಲ್ಲಿ ಪೀನಟ್ ಬಟರ್ ತೆಗೆದು ಎಣ್ಣೆಯನ್ನು 80 ಗ್ರಾಂ ಮಾಡಿ. ಆ ಎಣ್ಣೆ ಕಡಲೆಕಾಯಿ ಎಣ್ಣೆ ಆಗಿರಬಾರದು. ಮೊಸರು 70ಕ್ಕೆ ಇಳಿಸಿ, ಯಾಕೆಂದರೆ ನೀರು ಹೀರುವ ಕಡಲೆಕಾಯಿ ಈಗ ಇಲ್ಲ. ಪೀನಟ್ ಬಟರ್ ಬದಲು ಸೂರ್ಯಕಾಂತಿ ಬೀಜದ ಪೇಸ್ಟ್ ಹಾಕುವವರೂ ಇದ್ದಾರೆ. ಸೋಡಾ ತಾಗಿದರೆ ಅದು ತಣಿದ ಮೇಲೆ ಒಳಗೆ ಹಸಿರಾಗುತ್ತದೆ. ತಿಂದರೆ ಏನೂ ಆಗುವುದಿಲ್ಲ, ಆದರೆ ಹಸಿರು ಬ್ರೆಡ್ ನೋಡಿ ಟೀಚರ್ ಫೋನ್ ಮಾಡಿಯೇ ಮಾಡುತ್ತಾರೆ. ಎಳ್ಳಿನ ಪೇಸ್ಟ್ ಬೇಡ, ಎಳ್ಳಿಗೂ ಅಲರ್ಜಿ ಇರುವವರಿದ್ದಾರೆ.

ಎರಡನೆಯ ದಾರಿ, ಮನೆಯಲ್ಲಿ ಮಾಡಿದ್ದನ್ನು ಕಳಿಸದಿರುವುದು. ನಿಮ್ಮ ಮಿಕ್ಸಿ ಜಾರು, ಸೌಟು, ಟಿನ್ ಎಲ್ಲಕ್ಕೂ ಕಡಲೆಕಾಯಿ ತಾಗಿದೆ. ತೊಳೆದರೂ ಜಾರಿನ ಬ್ಲೇಡಿನ ಸಂದಿಯಲ್ಲಿ, ರಬ್ಬರಿನಲ್ಲಿ ಚೂರು ಉಳಿಯಬಹುದು. ಆ ಮಗುವಿನ ತಾಯಿಗೆ ಒಂದು ಫೋನ್ ಮಾಡಿ, ಅಡುಗೆಮನೆಯಲ್ಲಿ ಕಡಲೆಕಾಯಿ ಬಳಸುತ್ತೇವೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಹಣ್ಣಿನ ಬುಟ್ಟಿ ಕಳಿಸಿ. ಪ್ಯಾಕ್ ಮಾಡಿದ ಬಿಸ್ಕತ್ತೇ ಆದರೆ ಅಲರ್ಜಿಯ ಸಾಲು ಓದಿಯೇ ಕೊಳ್ಳಿ, ಕಡಲೆಕಾಯಿ ಇದ್ದರೆ ಪೊಟ್ಟಣದ ಮೇಲೆ ಬರೆಯಬೇಕು ಅಂತ ನಮ್ಮಲ್ಲಿ ಕಾಯಿದೆ ಇದೆ. ಆ ತಾಯಿ ಆಗಲಿ ಅಂದರೆ ಹೊಸ ಟಿನ್ ಒಂದು ತನ್ನಿ, ಹಣ್ಣನ್ನು ಮಿಕ್ಸಿಗೆ ಹಾಕದೆ ಸ್ಟೀಲ್ ಬಟ್ಟಲಲ್ಲಿ ಫೋರ್ಕಿನಿಂದ ಕಿವುಚಿ, ಕಡಲೆಕಾಯಿ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಕ್ಲಾಸಿನ ಬ್ರೆಡ್ ಬೇಯಿಸಿ ಕಟ್ಟಿಟ್ಟುಬಿಡಿ. ಪೀನಟ್ ಬಟರ್ ಹಾಕಿದ್ದನ್ನು ಸಂಜೆ ಮನೆಯವರಿಗೆ ಮಾಡಿದರಾಯಿತು.